ವಾಸನೆ ಸಾಲು

ನನ್ನ ಮೂಗಿನ ಬಗ್ಗೆ ಕೇಳದವರು ಈ ಊರಲ್ಲಿ ಯಾರೂ ಇಲ್ಲ. ಕಿವುಡರೂ ಕೇಳಿದ್ದಾರೆ. ಮೂರು ಬೀದಿ ಆಚೆ ಯಾರದೋ ಮನೆಯಲ್ಲಿ ಹಾಲು ತಳ ಹಿಡಿದರೆ ನಾನು ಇಲ್ಲಿಂದಲೇ "ಒಲೆ ಆರಿಸೇ" ಎಂದು ಕೂಗುತ್ತೇನೆ. ಯಾವ ಗಂಡಸು ಎಲ್ಲಿ ಕೂತು ಎಷ್ಟು ಕುಡಿದು ಬಂದ ಎಂದು ಅವನು ಹೊಸ್ತಿಲು ದಾಟುವ ಮುಂಚೆಯೇ ಹೇಳಿ ಎಷ್ಟೋ ಸಂಸಾರ ಉಳಿಸಿದ್ದೇನೆ. ಅದಕ್ಕಿಂತ ಹೆಚ್ಚು ಸಂಸಾರ ಒಡೆದಿದ್ದೇನೆ. ಸಿಡಿಲಜ್ಜಿ ಎಂಬ ಹೆಸರು ಬಿದ್ದದ್ದು ನನ್ನ ಬಾಯಿಗೆ. ಮೂಗಿಗೆ ತಕ್ಕ ಹೆಸರು ಇನ್ನೂ ಯಾರಿಗೂ ಹೊಳೆದಿಲ್ಲ.

"ಅಮ್ಮ ಹೇಳಿದ್ರಲ್ಲಿ ಮುಕ್ಕಾಲು ಪಾಲು ಕಳೀಬೇಕು" ಎನ್ನುತ್ತಾಳೆ ನನ್ನ ಮಗಳು. ಕಳೆಯಲಿ. ಕಳೆದ ಮೇಲೂ ಬೇರೆಯವರ ಇಡೀ ಜನ್ಮಕ್ಕಾಗುವಷ್ಟು ಮಿಗುತ್ತದೆ.

ಆದರೆ ಒಂದು ವಾಸನೆ ನನಗೆ ಬರುವುದಿಲ್ಲ. ಸಲ್ಯೂಷನ್ ವಾಸನೆ. ನಮ್ಮ ಓಣಿಯಲ್ಲಿ ಯಾರಿಗೂ ಬರುವುದಿಲ್ಲ.

ನಾವು ಬೂಟು ಅಂಟಿಸುವವರು. ಕಾರ್ಖಾನೆಯಿಂದ ಮೇಸ್ತ್ರಿ ಗಂಟು ತಂದು ಹಾಕುತ್ತಾನೆ. ಗಂಟಿನಲ್ಲಿ ಅಟ್ಟೆ ಬೇರೆ, ಮೇಲಿನ ಚರ್ಮ ಬೇರೆ. ಎರಡಕ್ಕೂ ಸಲ್ಯೂಷನ್, ಅಂದರೆ ಅಂಟು, ಹಚ್ಚಬೇಕು. ಹದಕ್ಕೆ ಬರುವವರೆಗೆ ಕಾಯಬೇಕು. ಒತ್ತಬೇಕು. ಸುತ್ತಿಗೆಯಲ್ಲಿ ಬಡಿಯಬೇಕು. ಬ್ರಷ್ ಕೊಡುವುದಿಲ್ಲ. ಬ್ರಷ್ ಅಂಟು ಕುಡಿಯುತ್ತದಂತೆ. ಬೆರಳಲ್ಲೇ ಹಚ್ಚುತ್ತೇವೆ. ಕಿಟಕಿ ತೆರೆಯುವ ಹಾಗಿಲ್ಲ. ಗಾಳಿ ಬಂದರೆ ಧೂಳು ಕೂರುತ್ತದೆ, ಧೂಳು ಕೂತರೆ ಅಟ್ಟೆ ಬಿಡುತ್ತದೆ, ಅಟ್ಟೆ ಬಿಟ್ಟರೆ ಮೇಸ್ತ್ರಿ ನಮ್ಮನ್ನು ಬಿಡುತ್ತಾನೆ. ಅಡುಗೆ, ನಿದ್ದೆ, ಜಗಳ, ಹೆರಿಗೆ, ಎಲ್ಲ ಆ ಮುಚ್ಚಿದ ಕೋಣೆಯಲ್ಲೇ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸು ಮೊದಲು ಮೂಸುವುದು ತಾಯಿಯ ಹಾಲನ್ನಲ್ಲ.

ಸಂಜೆ ಬೆರಳಿನಿಂದ ಒಣಗಿದ ಅಂಟನ್ನು ಸಿಪ್ಪೆಯಂತೆ ಸುಲಿಯುತ್ತೇವೆ. ಅದರ ಜೊತೆ ಚರ್ಮವೂ ಬರುತ್ತದೆ. ನನ್ನ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ. ನಾನು ಕೊಲೆ ಮಾಡಿದರೂ ಪೊಲೀಸರು ಹಿಡಿಯಲಾರರು ಎಂದು ಮೇಸ್ತ್ರಿಗೆ ಆಗಾಗ ನೆನಪಿಸುತ್ತಿರುತ್ತೇನೆ.

ಇಂಥ ಬೆರಳೂ ಮಕ್ಕಳ ಬೂಟಿನ ಮುಂದೆ ಸೋಲುತ್ತದೆ. ಶಾಲೆಗೆ ಹಾಕಿಕೊಂಡು ಹೋಗುವ ಕರಿ ಬೂಟು. ಅದರ ಮೂತಿಯೊಳಗೆ ದೊಡ್ಡವರ ಬೆರಳು ಇಳಿಯುವುದಿಲ್ಲ. ಅದಕ್ಕೆ ಮಕ್ಕಳ ಬೆರಳೇ ಬೇಕು. ನನ್ನ ಮೊಮ್ಮಗಳ ಮೈಯಲ್ಲಿ ಬೆರಳು ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ಅವಳನ್ನು ಕಡ್ಡಿ ಎನ್ನುತ್ತೇವೆ. ಶಾಲೆಯಿಂದ ಬಂದು ಚೀಲ ಇಟ್ಟು ಬೂಟಿನ ಮುಂದೆ ಕೂರುತ್ತಾಳೆ. ಈ ಮಾತು ಹೊರಗೆ ಬೀಳಬಾರದು. ಮಕ್ಕಳು ಅಂಟಿಸುತ್ತಾರೆ ಎಂದು ಒಂದು ಮನೆಯವರು ಬಾಯಿಬಿಟ್ಟರೂ ಇಡೀ ಓಣಿಗೆ ಗಂಟು ನಿಲ್ಲುತ್ತದೆ. ಇದು ಮೇಸ್ತ್ರಿಯ ಕಾನೂನು. ಅದನ್ನು ಅವನು ನಗುತ್ತಲೇ ಹೇಳಿದ್ದ. "ಅಜ್ಜಿ, ನಿಮ್ಮ ಮಕ್ಕಳು ಬೂಟಿನ ಜೊತೆ ಆಟ ಆಡ್ತಿದ್ದಾರೆ. ನಾನು ನೋಡಿದ್ದು ಅಷ್ಟೆ."

ಓಣಿಯ ಕೊನೆಗೆ ನೀರಿನ ಟ್ಯಾಂಕ್. ಅದರ ಕೆಳಗೆ ಮಕ್ಕಳು ಗೋಲಿ ಆಡುತ್ತಿದ್ದರು. ಯಾವಾಗಲೋ ಗೋಲಿ ಹೋಯಿತು, ಪ್ಲಾಸ್ಟಿಕ್ ಕವರ್ ಬಂತು. ಕವರಿನೊಳಗೆ ಸಲ್ಯೂಷನ್. ಅದಕ್ಕೆ ಮುಖ ಹಾಕಿ ಸೇದುವುದು.

ಬೇರೆ ಬೀದಿಯಾಗಿದ್ದರೆ ಮೊದಲ ದಿನವೇ ಯಾವಳೋ ತಾಯಿ ಮಗುವಿನ ಬಾಯಿ ಮೂಸಿ ಎದೆ ಬಡಿದುಕೊಳ್ಳುತ್ತಿದ್ದಳು. ನಮಗೆ ಗೊತ್ತೇ ಆಗಲಿಲ್ಲ. ಗುಂಡಿ ಎಂಬ ಹುಡುಗಿ ಕಡ್ಡಿಯ ಜೀವದ ಗೆಳತಿ. ಅಂಗಿಯ ಗುಂಡಿಯಂತೆ ದುಂಡಗೆ ಮುಖ. ಎದುರು ಮನೆ. ಅವಳು ಒಂದು ದಿನ ಊಟದ ತಟ್ಟೆಯ ಮೇಲೇ ಮುಖ ಹಾಕಿ ಬಿದ್ದಳು. ಅವಳಮ್ಮ ಹಸಿವು ಅಂದುಕೊಂಡಳು. ಈ ಮಹಾ ಮೂಗಿನವಳು ಅಲ್ಲೇ ಪಕ್ಕದಲ್ಲಿ ಕೂತಿದ್ದೆ. "ಇನ್ನೊಂದು ಸೌಟು ಬಡಿಸೇ, ಪಾಪ" ಎಂದೆ.

ಗೊತ್ತಾದದ್ದು ಕಡ್ಡಿಯಿಂದ. ಒಂದು ಸಂಜೆ ಅವಳು ಮನೆಗೆ ಬಂದಾಗ ಅಂಗಿಯ ತೋಳು ಹರಿದು ನೇತಾಡುತ್ತಿತ್ತು.

"ಯಾರೇ ಹರಿದಿದ್ದು?" ಎಂದೆ.

"ಗುಂಡಿ."

"ಅವಳಿಗೇನು ಬಂತು ಕೇಡು?"

"ನಿಮ್ಮನೆ ಡಬ್ಬದಿಂದ ಸಲ್ಯೂಷನ್ ತಗೊಂಡು ಬಾ ಅಂದ್ಲು. ಅವರಮ್ಮನಿಗೆ ಲೆಕ್ಕ ಕಮ್ಮಿ ಬೀಳ್ತಿದೆಯಂತೆ, ಡಬ್ಬ ಪೆಟ್ಟಿಗೇಲಿಟ್ಟು ಬೀಗ ಹಾಕ್ತಾರಂತೆ."

"ತಗೊಂಡು ಏನ್ಮಾಡ್ತಾಳಂತೆ? ಟ್ಯಾಂಕಿಗೆ ಅಟ್ಟೆ ಹಾಕ್ತಾಳಾ?"

"ಸೇದ್ತಾರೆ ಅಜ್ಜಿ. ಎಲ್ಲರೂ. ನೀನೊಬ್ಬಳೇ ದೊಡ್ಡ ರಾಣಿನಾ ಅಂದ್ರು. ಸೇದಲ್ಲ ಅಂದ್ರೆ ಇನ್ನು ಆಟಕ್ಕೆ ಬರ್ಬೇಡ ಅಂದ್ರು."

ಮಗಳ ಸುತ್ತಿಗೆ ಗಾಳಿಯಲ್ಲೇ ನಿಂತಿತು. "ನೀನು ಸೇದಿದ್ಯಾ?"

"ಇಲ್ಲ."

ನಾನು ಎದ್ದು ಹೋಗಿ ಕಡ್ಡಿಯ ಬಾಯಿಗೆ ಮೂಗಿಟ್ಟೆ. ಮಧ್ಯಾಹ್ನದ ಈರುಳ್ಳಿ ಬಂತು. ಪೆನ್ಸಿಲ್ ಕಚ್ಚಿದ್ದು ಬಂತು. ಬೇಕಾದದ್ದು ಬರಲಿಲ್ಲ. ಇದ್ದರೂ ಬರುತ್ತಿರಲಿಲ್ಲ.

"ಏನಮ್ಮ, ಬಂತಾ?" ಎಂದಳು ಮಗಳು.

"ಇವಳು ಸೇದಿಲ್ಲ" ಎಂದೆ. ಅದನ್ನು ಮೂಗು ಹೇಳಿರಲಿಲ್ಲ. ಮಗುವಿನ ಮುಖ ನೋಡಿ ಹೇಳಿದೆ.

ಆಗಲೇ ಟ್ಯಾಂಕಿನ ಕೆಳಗೆ ಹೋದೆ. ಮೂವತ್ತು ಮಕ್ಕಳಿದ್ದರು, ನನ್ನನ್ನು ನೋಡಿ ಅರವತ್ತು ಕಾಲಲ್ಲಿ ಓಡಿದರು ಎಂದು ಓಣಿಗೆಲ್ಲ ಹೇಳಿದ್ದೇನೆ. ಇದ್ದದ್ದು ಐದಾರು. ಯಾರೂ ಓಡಲಿಲ್ಲ. ಓಡಲು ಕಾಲು ಹಿಡಿತದಲ್ಲಿರಬೇಕಲ್ಲ. ಒಬ್ಬ ಕಂಬಕ್ಕೆ ಒರಗಿ ನಗುತ್ತಿದ್ದ, ಯಾವುದಕ್ಕೆ ಎಂದು ಅವನಿಗೇ ಗೊತ್ತಿರಲಿಲ್ಲ. ಗುಂಡಿಯ ಮೂಗಿನ ಕೆಳಗೆ ಕೆಂಪಗೆ ಹುಣ್ಣಾಗಿತ್ತು. ಕವರ್ ಕಿತ್ತುಕೊಳ್ಳಲು ಕೈ ಚಾಚಿದೆ. ಅವಳೇ ಕೊಟ್ಟುಬಿಟ್ಟಳು.

"ತಗೋ ಅಜ್ಜಿ. ನಮ್ಮಮ್ಮ ಬೆಳಗಿಂದ ಸಂಜೆವರೆಗೂ ಇದನ್ನೇ ಸೇದ್ತಾಳೆ. ಅವಳಿಗೆ ನೀನೇನೂ ಹೇಳಲ್ಲ."

ಸಿಡಿಲಜ್ಜಿ ಕವರನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ದಾರಿಯಲ್ಲೇ ತಿರುಗಿದಳು. ಇದನ್ನು ಓಣಿಗೆ ಹೇಳಿಲ್ಲ.

ತಾಯಂದಿರಿಗೆ ಹೇಳಿದೆ. ಅವರು ಹೊಡೆದರು. ಹೊಡೆತ ತಿಂದ ಮಕ್ಕಳು ಟ್ಯಾಂಕ್ ಬಿಟ್ಟು ಹಾಳುಬಿದ್ದ ಗೋದಾಮಿಗೆ ಹೋದರು. ಎಲ್ಲರೂ ಡಬ್ಬಕ್ಕೆ ಬೀಗ ಹಾಕಿದರು. ಅಂಟಿನ ಓಣಿಯಲ್ಲಿ ಅಂಟಿಗೆ ಬೀಗ ಹಾಕುವುದೆಂದರೆ ಕೆರೆಗೆ ಮುಚ್ಚಳ ಹಾಕಿದಂತೆ. ನೆಲದ ಮೇಲೆ ಚೆಲ್ಲಿದ್ದೇ ಸಾಕಾಗುತ್ತಿತ್ತು.

ಹಾಗಾಗಿ ನಾನು ಕಡ್ಡಿಗೆ ಪಾಠ ಶುರುಮಾಡಿದೆ. ಬೇಡ ಎನ್ನುವುದನ್ನು ಕಲಿಸಲು ನನಗಿಂತ ದೊಡ್ಡ ಗುರು ಭೂಮಿಯ ಮೇಲಿಲ್ಲ. ಮದುವೆಗೆ ಮುಂಚೆ ನೂರಾ ಒಂದು ಗಂಡುಗಳಿಗೆ ಬೇಡ ಎಂದವಳು ನಾನು.

"ಇಬ್ಬರು ಬಂದಿದ್ರು" ಎಂದಳು ಮಗಳು, ಅಂಟು ಹಚ್ಚುತ್ತಲೇ. "ಇಬ್ಬರೂ ಇವಳನ್ನೇ ಬೇಡ ಅಂದ್ರು."

"ನೀನು ಆಗ ಹುಟ್ಟಿರ್ಲಿಲ್ಲ, ಸುಮ್ನಿರು. ಕಡ್ಡಿ, ಇಲ್ಲಿ ಕೇಳು. ಇಲ್ಲ ಅನ್ಬೇಕು. ಕಾರಣ ಮಾತ್ರ ಹೇಳ್ಬಾರದು. ಕೆಮ್ಮು ಬರುತ್ತೆ ಅಂದ್ರೆ, ಬರಲ್ಲ ಬಾರೇ ಅಂತಾರೆ. ಅಜ್ಜಿ ಬೈತಾಳೆ ಅಂದ್ರೆ, ಅಜ್ಜಿಗೆ ಗೊತ್ತಾಗಲ್ಲ ಬಾರೇ ಅಂತಾರೆ. ಒಂದು ಕಾರಣ ಕೊಟ್ರೆ ಒಂದು ಬಾಗಿಲು ತೆಗೆದ ಹಾಗೆ. ನೀನು ಗೋಡೆ ಆಗು."

"ಯಾರು ಏನು ಕೇಳಿದ್ರೂ?"

"ಯಾರು ಏನು ಕೇಳಿದ್ರೂ."

ನಾನು ಗುಂಡಿಯಾದೆ. ತಲೆಗೂದಲು ಬಿಚ್ಚಿ ಹಾಕಿದೆ, ಕೈಯಲ್ಲೊಂದು ಹರಿದ ಬೂಟು ಹಿಡಿದು ಕವರಿನಂತೆ ಚಾಚಿದೆ. ನನ್ನ ನಟನೆ ನೋಡಿದ್ದರೆ ನಾಟಕದ ಕಂಪನಿಗಳು ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದವು.

"ಬಾರೇ ಕಡ್ಡಿ. ಒಂದೇ ಒಂದ್ಸಲ."

"ಇಲ್ಲ."

"ಹೆದರ್ಕೊಂಡ್ಯಾ?"

"ಇಲ್ಲ."

"ನಿಂಗೆ ನಾನು ಬೇಡ್ವಾ ಹಾಗಾದ್ರೆ? ಇವತ್ತಿಂದ ಟೂ ಬಿಡ್ತೀನಿ."

ಕಡ್ಡಿ ಜೋರಾಗಿ ಅತ್ತಳು. ನಾನು ಬೂಟು ಬಿಸಾಡಿ ಅವಳ ತಲೆ ಹಿಡಿದುಕೊಂಡೆ. "ಅಳು ಮಗಳೇ. ಇಲ್ಲಿ ಅತ್ತು ಮುಗಿಸಿಕೋ. ಅಲ್ಲಿ ಅಳ್ಬೇಡ."

ಅಲ್ಲಿ ಅವಳು ಅಳಲಿಲ್ಲ. ಅವರು ಅವಳ ಚೀಲವನ್ನು ಚರಂಡಿಗೆ ಎಸೆದರು. ಅಜ್ಜಿ ಬಾಲ ಎಂದರು. ಅವಳು ಇಳಿದು ಚೀಲ ಎತ್ತಿಕೊಂಡು ಬಂದಳು. ಗುಂಡಿ ಆಗಾಗ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. "ಬಾರೇ" ಎನ್ನುತ್ತಿದ್ದಳು. "ಇಲ್ಲ. ನೀನೇ ಒಳಗೆ ಬಾ" ಎನ್ನುತ್ತಿದ್ದಳು ಕಡ್ಡಿ. ಗುಂಡಿ ಒಳಗೆ ಬರುತ್ತಿರಲಿಲ್ಲ. ಕಡ್ಡಿ ಹೊರಗೆ ಹೋಗುತ್ತಿರಲಿಲ್ಲ. ಆಮೇಲೆ ಆ ಮಗು ಬೂಟಿನ ಮೂತಿಯೊಳಗೆ ಬೆರಳಿಟ್ಟುಕೊಂಡು ಬೂಟಿನ ಜೊತೆಯೇ ಮಾತಾಡುತ್ತ ಕೂರುತ್ತಿತ್ತು. ಆದರೂ ಹೋಗಲಿಲ್ಲ. ಅಷ್ಟು ಸಲ ಕರೆದರೂ ಹೋಗದೆ ಉಳಿದ ಗಟ್ಟಿ ಮಗು ನನ್ನದು. ಇದರಲ್ಲಿ ಒಂದು ಕಾಳಷ್ಟೂ ಕಳೆಯಬೇಕಾಗಿಲ್ಲ.

ಆಗ ಶಾಲೆಗೆ ಟೋಪಿ ಸಾರ್ ಬಂದರು. ಮಕ್ಕಳನ್ನು ನಶೆಯಿಂದ ಬಿಡಿಸುವ ಸಂಸ್ಥೆಯವರು. ಹೋದ ಕಡೆಯಲ್ಲೆಲ್ಲ ಮಕ್ಕಳಿಗೆ ಬಿಳಿ ಟೋಪಿ ಹಂಚುತ್ತಿದ್ದರು, ಅದಕ್ಕೆ ಆ ಹೆಸರು. ಜೊತೆಯಲ್ಲಿ ಬಂದ ಒಬ್ಬ ಮೇಡಂ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಕೈ ಚಾಚಿಸಿ ಒಬ್ಬೊಬ್ಬರದೇ ಮೂಸುತ್ತ ಹೋದರಂತೆ. ನಮ್ಮ ಓಣಿಯ ಮಕ್ಕಳನ್ನೆಲ್ಲ ಹೊರಗೆಳೆದು ಬೇರೆ ನಿಲ್ಲಿಸಿದರು. ಉಳಿದ ಮಕ್ಕಳು ಅದಕ್ಕೆ ವಾಸನೆ ಸಾಲು ಎಂದು ಹೆಸರಿಟ್ಟರು.

ಸೇದುವ ಮಕ್ಕಳು ಅವತ್ತು ಶಾಲೆಗೇ ಬಂದಿರಲಿಲ್ಲ. ಅವರು ಗೋದಾಮಿನಲ್ಲಿದ್ದರು. ಸಾಲಿನಲ್ಲಿ ನಿಂತವರೆಲ್ಲ ಬೂಟು ಅಂಟಿಸುವವರು.

ಉಳಿದವರು ಜಾಣರು. ಒಬ್ಬ ಸೈಕಲ್ಲಿಗೆ ಪಂಕ್ಚರ್ ಹಾಕಿದೆ ಎಂದ. ಒಬ್ಬಳು ಪುಸ್ತಕದ ರಟ್ಟು ಅಂಟಿಸಿದೆ ಎಂದಳು. ಕೈ ತೊಳೆದುಕೊಂಡು ಬನ್ನಿ ಎಂದು ಅವರನ್ನು ಬಿಟ್ಟರು. ಕಡ್ಡಿಯ ಸರದಿ ಬಂತು.

"ನೀನು ಸೇದ್ತೀಯಾ?"

"ಇಲ್ಲ."

"ಮತ್ತೆ ಈ ವಾಸನೆ ಎಲ್ಲಿಂದ ಬಂತು?"

"ಇಲ್ಲ."

"ಯಾರು ಕೊಟ್ರು ನಿಂಗೆ?"

"ಇಲ್ಲ."

"ಇಲ್ಲ ಬಿಟ್ರೆ ಬೇರೆ ಮಾತು ಬರಲ್ವಾ?"

"ಇಲ್ಲ."

ಗೋಡೆಯಾಗು ಎಂದಿದ್ದೆ. ಗೋಡೆಯಾದಳು. ಮನೆಯ ದೊಡ್ಡವರನ್ನು ಕರೆದುಕೊಂಡು ಬರುವವರೆಗೆ ಒಳಗೆ ಕಾಲಿಡಬೇಡ ಎಂದು ಕಳಿಸಿದರು.

ನಾನು ಹೋದೆ. ಹೋದ ರಭಸಕ್ಕೆ ಶಾಲೆಯ ಗಂಟೆ ತಾನಾಗಿಯೇ ಬಾರಿಸಿಕೊಂಡಿತು. ಬಾರಿಸಿದ್ದು ಊಟದ ಗಂಟೆ. ಅಲ್ಲಿಯವರೆಗೆ ಶಾಲೆ ನಡೆಸುವ ದೊಡ್ಡ ಮೇಡಂ ಕೋಣೆಯ ಹೊರಗೆ ನಿಂತಿದ್ದೆ. ಕೂರಲು ಬೆಂಚಿತ್ತು. ನಾನು ಕೂರಲು ಹೋದಾಗ ಜವಾನ ಬಂದು ಬೆಂಚು ಎತ್ತಿಕೊಂಡು ಹೋದ.

ಒಳಗೆ ಕರೆದ ಮೇಲೆ ದೊಡ್ಡ ಮೇಡಂ ಮೊದಲು ಎದ್ದು ಕಿಟಕಿ ತೆರೆದರು. ಆಮೇಲೆ ಕರವಸ್ತ್ರ ಮೂಗಿಗೆ ಹಿಡಿದರು. ಪಕ್ಕದ ಕುರ್ಚಿಯಲ್ಲಿ ಟೋಪಿ ಸಾರ್ ಕೂತಿದ್ದರು.

"ಮಗು ದಿನಾ ಮನೆಗೆ ಬರುತ್ತೆ" ಎಂದರು ದೊಡ್ಡ ಮೇಡಂ. "ನೀವು ಮನೇಲೇ ಇರ್ತೀರಿ. ನಿಮಗೆ ವಾಸನೆ ಬರಲಿಲ್ವಾ?"

ನನ್ನ ಮೂಗಿಗೇ ಕೈ ಹಾಕಿದರು. ಬಿಡುತ್ತೇನೆಯೇ. "ಮೇಡಂ, ನಿಮ್ಮ ಡ್ರಾಯರಲ್ಲಿ ಬೇಯಿಸಿದ ಮೊಟ್ಟೆ ಇದೆ. ಬೆಳಗ್ಗೆ ಬೇಯಿಸಿದ್ದಲ್ಲ, ನಿನ್ನೇದು. ಈ ಸಾರ್ ಬರೋವಾಗ ದಾರೀಲಿ ಸಿಗರೇಟು ಸೇದಿ ಏಲಕ್ಕಿ ಅಗೆದಿದ್ದಾರೆ."

ಮೇಡಂ ಡ್ರಾಯರ್ ತೆರೆಯಲಿಲ್ಲ. ಆದರೆ ಕೈ ಅದರ ಮೇಲೆ ಹೋಯಿತು. ಟೋಪಿ ಸಾರ್ ಬಾಯಿ ಮುಚ್ಚಿಕೊಂಡರು.

"ಇಷ್ಟೆಲ್ಲ ಬರುತ್ತಲ್ಲ. ಅದು ಯಾಕೆ ಬರಲ್ಲ?"

"ಅದು ಬರಲ್ಲ ಮೇಡಂ."

"ಅದೇ, ಯಾಕೆ?"

ಕಾರಣ ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆ ಇಡೀ ಓಣಿಯ ಗಂಟುಗಳು ನಿಂತಿದ್ದವು. ನಲವತ್ತು ಮನೆಯ ಒಲೆ ನಿಂತಿತ್ತು. ಊರಿನ ಎಲ್ಲ ಜಗಳದಲ್ಲೂ ಕೊನೆಯ ಮಾತು ಆಡುವ ನಾನು ನೆಲ ನೋಡುತ್ತ ನಿಂತೆ. ಗೋಡೆಯಾಗಿ ನಿಂತೆ.

"ನೋಡಿ" ಎಂದರು ದೊಡ್ಡ ಮೇಡಂ, ಸಾರ್ ಕಡೆ ತಿರುಗಿ. "ಮನೆಯವರದ್ದೂ ಇದೇ ಹಟ."

ಟೋಪಿ ಸಾರ್ ಮೆತ್ತಗಿನ ಮನುಷ್ಯ. "ಅಜ್ಜಿ, ನಾವು ಶಿಕ್ಷೆ ಕೊಡೋರಲ್ಲ, ಕೈ ಹಿಡಿಯೋರು. ಮುಂದಿನ ವಾರ ಇಲ್ಲಿ ಕಾರ್ಯಕ್ರಮ ಇದೆ. ದೊಡ್ಡವರು ಬರ್ತಾರೆ. ನಿಮ್ಮ ಮೊಮ್ಮಗಳು ಮೈಕ್ ಮುಂದೆ ನಿಂತು, ನಾನು ಸೇದ್ತಿದ್ದೆ, ಈಗ ಬಿಟ್ಟೆ, ನೀವೂ ಬಿಡಿ, ಅಂತ ಎರಡು ಮಾತು ಆಡಲಿ. ಒಂದು ಮಗು ಹೇಳಿದ್ರೆ ನೂರು ಮಕ್ಕಳು ಬಿಡ್ತಾರೆ. ಮಾರನೇ ದಿನದಿಂದ ಕ್ಲಾಸಲ್ಲಿ ಕೂರಲಿ."

"ಅವಳು ಸೇದೇ ಇಲ್ಲ ಸಾರ್. ಎಲ್ಲರೂ ಕರೆದ್ರು, ಇವಳು ಹೋಗ್ಲಿಲ್ಲ. ಅದನ್ನ ಮೈಕಲ್ಲಿ ಹೇಳಿದ್ರೆ ಆಗಲ್ವಾ?"

ಸಾರ್ ನಕ್ಕರು. "ಸೇದದೆ ಇರೋ ಮಕ್ಕಳು ಬೇಕಾದಷ್ಟಿದ್ದಾರಲ್ಲ ಅಜ್ಜಿ. ಅವರನ್ನ ನೋಡೋಕೆ ಯಾರು ಬರ್ತಾರೆ?"

ಮನೆಗೆ ಬಂದು ಕಡ್ಡಿಯನ್ನು ಎದುರು ಕೂರಿಸಿಕೊಂಡೆ. "ಒಂದು ಸುಳ್ಳು ಮಗಳೇ. ನಾನು ಎದ್ದು ಮುಖ ತೊಳೆಯೋದರೊಳಗೆ ಹತ್ತು ಹೇಳ್ತೀನಿ. ನಂಗೇನಾದ್ರೂ ಆಗಿದೆಯಾ?"

"ನೀನು ಹೇಳೋ ಸುಳ್ಳು ನಿನ್ನ ದೊಡ್ಡೋಳು ಮಾಡುತ್ತೆ ಅಜ್ಜಿ. ಇದು ನನ್ನ ಏನು ಮಾಡುತ್ತೆ?"

ಮಗಳು ಸುತ್ತಿಗೆ ಕೆಳಗಿಟ್ಟಳು. ಅವಳ ಬೆರಳುಗಳು ಇತ್ತೀಚೆಗೆ ತಾವಾಗಿಯೇ ನಡುಗುತ್ತವೆ, ಸುತ್ತಿಗೆ ಹಿಡಿದಾಗ ಮಾತ್ರ ನಿಲ್ಲುತ್ತವೆ. "ಹೇಳ್ಬಿಡು ಪುಟ್ಟಿ. ಅವರು ಏನಾದ್ರೂ ಅಂದ್ಕೊಳ್ಲಿ. ಓದು ನಿಂತ್ರೆ ನೀನೂ ಇಲ್ಲೇ ಕೂರ್ತೀಯ, ನನ್ನ ಹಾಗೆ."

ಕಡ್ಡಿ ತಾಯಿಯ ಕೈಯನ್ನೇ ನೋಡುತ್ತಿದ್ದಳು. "ಗುಂಡಿ ಕರೆದಾಗಲೇ ಹೋಗಿದ್ರೆ" ಎಂದಳು, "ಈಗ ನಿಜಾನೇ ಹೇಳ್ಬಹುದಿತ್ತು."

ಅಂಟು ಹದ ಮೀರಿ ಒಣಗಿತು. ಒಂದು ಸಾಲು ಬೂಟು ಹಾಳಾಯಿತು.

ಕಾರ್ಯಕ್ರಮದ ದಿನ ಅವಳ ಕೈಯನ್ನು ಸೀಮೆಎಣ್ಣೆಯಲ್ಲಿ ಉಜ್ಜಿದೆ, ಸೋಪಿನಲ್ಲಿ ಉಜ್ಜಿದೆ, ಕೆಂಪಗಾಗುವವರೆಗೆ ಉಜ್ಜಿದೆ. ಕಡೆಗೆ ಅವಳೇ ಕೈ ಎಳೆದುಕೊಂಡಳು. "ಸಾಕು ಅಜ್ಜಿ. ನಿಂಗೆ ಹೋಯ್ತಾ ಅಂತ ಗೊತ್ತೂ ಆಗಲ್ಲ."

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಜನ ಲಕ್ಷಾಂತರ ಸೇರಿದ್ದರು. ಸರಿ, ಎರಡು ಶಾಲೆಯ ಮಕ್ಕಳು, ಅವರ ಮೇಷ್ಟ್ರುಗಳು, ಮುಂದಿನ ಸೋಫಾದಲ್ಲಿ ಏಳೆಂಟು ಜನ ದೊಡ್ಡವರು, ಕ್ಯಾಮೆರಾದವರು. ನಾನು, ಮಗಳು ಹಿಂದುಗಡೆ ಹಗ್ಗದ ಆಚೆ ನಿಂತಿದ್ದೆವು. ನಮ್ಮ ಓಣಿಯವರೂ ಬಂದಿದ್ದರು, ಕಡ್ಡಿ ಏನು ಹೇಳುತ್ತಾಳೋ ಎಂದು ಕೇಳಲು. ಅವರಿಗೂ ಭಯ. ಮುಂದೆ ನೆಲದ ಮೇಲೆ ಸಾಲಾಗಿ ಮಕ್ಕಳ ಕಾಲು. ಕರಿ ಬೂಟು. ಯಾವ ಜೊತೆ ನಮ್ಮ ಕೋಣೆಯಿಂದ ಹೋದದ್ದು ಎಂದು ಅಷ್ಟು ದೂರದಿಂದಲೇ ನಾನು ಹೇಳಬಲ್ಲೆ.

ಟೋಪಿ ಸಾರ್ ಕಡ್ಡಿಯ ತಲೆಗೆ ಬಿಳಿ ಟೋಪಿ ಇಟ್ಟರು. ಅದು ಕಣ್ಣಿನವರೆಗೆ ಇಳಿಯಿತು. ಮೈಕನ್ನು ಬಗ್ಗಿಸಿ ಅವಳ ಎತ್ತರಕ್ಕೆ ತಂದರು. "ಈ ಪುಟ್ಟ ಧೀರೆ ತನ್ನ ಕಥೆ ಹೇಳ್ತಾಳೆ" ಎಂದರು. ಚಪ್ಪಾಳೆ ಬಿತ್ತು.

ಕಡ್ಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ನಾನು ಸೇದಿಲ್ಲ" ಎಂದಳು.

ಸಾರ್ ಬಗ್ಗಿ ಅವಳ ಭುಜ ತಟ್ಟಿದರು. "ಹೆದರ್ಕೋಬೇಡ ಪುಟ್ಟಿ, ಹೇಳು. ಸೇದ್ತಿದ್ದೆ, ಈಗ..."

"ಸೇದಿಲ್ಲ ಸಾರ್. ನಾನು ಬೂಟು ಅಂಟಿಸ್ತೀನಿ. ಮೂತಿ ಒಳಗೆ ಅಮ್ಮನ ಬೆರಳು ಹೋಗಲ್ಲ, ನನ್ನದು ಹೋಗುತ್ತೆ. ವಾಸನೆ ಅದರದ್ದು." ಮಕ್ಕಳು ತಮ್ಮ ತಮ್ಮ ಕಾಲು ನೋಡಿಕೊಂಡರು. ಅವಳು ಉಗುಳು ನುಂಗಿ ಇನ್ನೊಂದು ಮಾತು ಹೇಳಿದಳು. "ಸೇದೋರು ಗೋದಾಮಲ್ಲಿದ್ದಾರೆ. ಗುಂಡಿಗೆ ಮೂಗಲ್ಲಿ ರಕ್ತ ಬರ್ತಿದೆ. ಯಾರಾದ್ರೂ ಅಲ್ಲಿಗೆ ಹೋಗಿ."

ಮೈಕ್ ಸತ್ತಿತು. ಯಾರೋ ತಂತಿ ಕಿತ್ತರು. ಸ್ಪೀಕರಿನಲ್ಲಿ ಹಾಡು ಹಾಕಿದರು. ಸೋಫಾದ ಮೇಲಿದ್ದ ಒಬ್ಬರು ಮಾತು ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿದರು. ಆಮೇಲೆ ದೊಡ್ಡವರು ಭಾಷಣ ಮಾಡಿದರು. ಮಕ್ಕಳು ಎದ್ದು ನಿಂತು ಪ್ರಮಾಣ ಮಾಡಿದರು. ಬಿಸ್ಕತ್ತು ಹಂಚಿದರು.

ಗೋದಾಮಿಗೆ ಯಾರೂ ಹೋಗಲಿಲ್ಲ.

ನಮ್ಮ ಓಣಿಗೆ ಬಂದರು. ಮಾರನೇ ದಿನವೇ ಸರ್ಕಾರದ ಜೀಪು. ಪ್ರತಿ ಕೋಣೆಗೂ ನುಗ್ಗಿ, ಕಿಟಕಿ ಯಾಕೆ ಮುಚ್ಚಿದ್ದೀರಿ ಎಂದು ಬೈದು, ಡಬ್ಬ ಎತ್ತಿಕೊಂಡು ಹೋದರು. ಮಕ್ಕಳನ್ನು ದುಡಿಸಿದ್ದಕ್ಕೆ ತಾಯಂದಿರಿಗೆ ಕೇಸು ಹಾಕುತ್ತೇವೆ ಎಂದರು. ಕಾರ್ಖಾನೆಯ ಕಡೆಗೆ ಜೀಪು ತಿರುಗಲಿಲ್ಲ. ಪೆಟ್ರೋಲ್ ಅಷ್ಟಕ್ಕೇ ಇತ್ತೋ ಏನೋ.

ಮೇಸ್ತ್ರಿ ಬಂದು ಉಳಿದ ಗಂಟುಗಳನ್ನು ಗಾಡಿಗೆ ಹೇರಿಸಿದ. ನಾನು ಅಡ್ಡ ನಿಂತೆ.

"ಎಲ್ಲಿಗೆ ಹೋಗ್ತಿದೆ ಇದು?"

"ಬೇರೆ ಓಣಿಗೆ."

"ಮಕ್ಕಳ ಬೂಟು ಅಲ್ಲಿ ಯಾರು ಅಂಟಿಸ್ತಾರೆ?"

"ಅಲ್ಲೂ ಮಕ್ಕಳಿದ್ದಾರೆ ಅಜ್ಜಿ" ಎಂದ. "ದಾರಿ ಬಿಡಿ."

ಬಿಟ್ಟೆ. ಗಾಡಿಯ ಕೆಳಗೆ ಮಲಗಿದೆ, ಹತ್ತು ಜನ ಸೇರಿ ಎತ್ತಿದರು ಎಂದು ಹೇಳಬೇಕೆಂದಿದೆ. ಬದಿಗೆ ಸರಿದು ನಿಂತೆ, ಅಷ್ಟೆ. ಓಣಿಯವರು ನಮ್ಮ ಬಾಗಿಲಿಗೆ ಉಗಿದರು. ಗುಂಡಿಯ ಅಮ್ಮ ಹತ್ತಿರ ಬಂದು, ನನ್ನ ಮುಖ ನೋಡಿ, ಉಗಿಯದೆ ಹಿಂದಿರುಗಿದಳು. ಅದಕ್ಕಿಂತ ಉಗಿದಿದ್ದರೆ ಚೆನ್ನಾಗಿತ್ತು. ಅವಳು ಈಗ ದೂರದ ಇಟ್ಟಿಗೆ ಭಟ್ಟಿಯಲ್ಲೇ ಉಳಿದು ದುಡಿಯುತ್ತಾಳೆ. ಮನೆಗೆ ಬೀಗ. ಗುಂಡಿಗೆ ಗೋದಾಮೇ ಮನೆ. ನನ್ನ ಮಗಳು ಬೆಳಕು ಹರಿಯುವ ಮುಂಚೆಯೇ ಮಾರುಕಟ್ಟೆ ಗುಡಿಸಲು ಹೋಗುತ್ತಾಳೆ. ನಾನು ರಸ್ತೆ ಕೆಲಸಕ್ಕೆ ಜಲ್ಲಿ ಹೊರುತ್ತೇನೆ. ಒಂದು ಬಾಂಡ್ಲಿಗೆ ಬೆಟ್ಟದಷ್ಟು ಹೊರುತ್ತೇನೆ. ಇಳಿಸುವಾಗ ಮಾತ್ರ ಯಾರಾದರೂ ಕೈ ಹಿಡಿಯಬೇಕು.

ಶಾಲೆಯವರು, ವಿಚಾರಣೆ ಮುಗಿಯುವವರೆಗೆ ಮಗು ಬರುವುದು ಬೇಡ ಎಂದರು. ಯಾವ ವಿಚಾರಣೆ, ಯಾರದು ಎಂದು ಕೇಳಿದೆ. ಅದೂ ವಿಚಾರಣೆಯಲ್ಲಿದೆ ಎಂದರು.

ಕಡ್ಡಿ ಅವರ ಮಾತು ಕೇಳಲಿಲ್ಲ. ದಿನಾ ಬೆಳಗ್ಗೆ ಯೂನಿಫಾರ್ಮ್ ಹಾಕಿಕೊಂಡು, ಚೀಲ ಬೆನ್ನಿಗೇರಿಸಿ, ನನ್ನ ಜೊತೆ ಹೊರಡುತ್ತಾಳೆ. ಕೂಲಿಯವರ ಲಾರಿ ನಿಲ್ಲುವುದು ಶಾಲೆಯ ಗೇಟಿನ ಎದುರಿಗೇ. ನಾನು ಲಾರಿ ಹತ್ತುತ್ತೇನೆ. ಅವಳು ಗೇಟಿನ ಹೊರಗೆ ಕಲ್ಲಿನ ಮೇಲೆ ಕೂರುತ್ತಾಳೆ. ಒಳಗೆ ಪಾಠ ಕೇಳಿಸುವಷ್ಟು ಕೇಳಿಸಿಕೊಳ್ಳುತ್ತಾಳೆ. ವಾಚ್‌ಮನ್ ಒಳ್ಳೆಯವನು, ದಿನಾ ಒಂದೇ ಮಾತು ಹೇಳುತ್ತಾನೆ.

"ಇವತ್ತೂ ಬಂದ್ಯೇನಮ್ಮ? ಮೇಡಂ ನನಗೆ ಬೈತಾರೆ."

"ನಾನು ಹೊರಗೇ ಇದ್ದೀನಲ್ಲಣ್ಣ."

ಇವತ್ತು ನಾವು ಹೋಗುವಾಗ ಆ ಕಲ್ಲಿನ ಮೇಲೆ ಮೊದಲೇ ಯಾರೋ ಕೂತಿದ್ದರು. ಹತ್ತಿರ ಹೋದ ಮೇಲೆ ಗುಂಡಿ ಎಂದು ಗೊತ್ತಾಯಿತು. ದುಂಡು ಮುಖ ಒಣಗಿದ ಹಣ್ಣಿನಂತಾಗಿತ್ತು. ಹುಣ್ಣು ಮೂಗಿನಿಂದ ತುಟಿಗೆ ಇಳಿದಿತ್ತು. ಅಂಗಿಯ ತೋಳಿನೊಳಗೆ ಕವರಿನ ತುದಿ ಕಾಣುತ್ತಿತ್ತು. ಓಣಿಯಲ್ಲಿ ಅಂಟು ಇಲ್ಲದಿದ್ದರೇನು, ಪಂಕ್ಚರ್ ಅಂಗಡಿಯಲ್ಲಿ ಸಿಗುತ್ತದೆ.

ಕಡ್ಡಿ ಅವಳ ಪಕ್ಕ ಕೂತಳು. ಗುಂಡಿ ಸರಿದು ಜಾಗ ಕೊಟ್ಟಳು.

"ಈಗ ನಿಂಗೆ ಶಾಲೆನೂ ಇಲ್ಲ ಅಲ್ವೇನೇ" ಎಂದಳು ಗುಂಡಿ.

"ಇಲ್ಲ."

"ಮತ್ತಿನ್ನೇನೇ?"

ಕಡ್ಡಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಗುಂಡಿ, ಎದ್ದು ಮನೆಗೆ ಹೋಗೇ ತಾಯಿ" ಎಂದೆ.

"ಮನೇಲಿ ಯಾರಿದ್ದಾರೆ ಅಜ್ಜಿ?"

ಲಾರಿ ಹಾರನ್ ಹೊಡೆಯಿತು. ನಾನು ಓಡಿಹೋಗಿ ಡ್ರೈವರ್ ಕಿಟಕಿ ತಟ್ಟಿದೆ. "ಅಪ್ಪಾ, ಇವತ್ತೊಂದು ದಿನ ಮೊಮ್ಮಗಳನ್ನ ಹತ್ತಿಸ್ಕೋ. ಒಂದು ಮೂಲೇಲಿ ಕೂರ್ತಾಳೆ. ಇಬ್ಬರನ್ನೂ ಬೇಕಾದ್ರೆ ಹತ್ತಿಸ್ಕೋ."

"ಮಕ್ಕಳನ್ನ ಕೆಲಸದ ಜಾಗಕ್ಕೆ ಕರ್ಕೊಂಡು ಹೋದ್ರೆ ಕೇಸಾಗುತ್ತೆ ಅಜ್ಜಿ. ಈಗ ಭಾರಿ ಕಟ್ಟುನಿಟ್ಟು. ನೀವು ಹತ್ತಿ, ಇಲ್ಲ ಬಿಡಿ."

ಹತ್ತದಿದ್ದರೆ ನಾಳೆ ನನ್ನ ಬಾಂಡ್ಲಿ ಬೇರೆಯವಳ ತಲೆಯ ಮೇಲೆ. ಹತ್ತಿದೆ. ಹಿಂದಿನ ಹಲಗೆ ಹಿಡಿದು ನಿಂತೆ. ಲಾರಿ ನೇರ ರಸ್ತೆಯಲ್ಲಿ ತೆವಳುತ್ತ ಹೊರಟಿತು.

ಶಾಲೆಯೊಳಗೆ ಮಕ್ಕಳು ಒಕ್ಕೊರಲಿನಿಂದ ಪ್ರಮಾಣ ಹೇಳುತ್ತಿದ್ದರು. ಈಗ ದಿನಾ ಹೇಳಿಸುತ್ತಾರೆ. ಗೇಟಿನ ಹೊರಗೆ ಇಬ್ಬರೇ. ಗುಂಡಿ ತೋಳಿನಿಂದ ಕವರ್ ಎಳೆದಳು. ಕಡ್ಡಿಯ ಮುಂದೆ ಚಾಚಿದಳು. ಕಡ್ಡಿಯ ತಲೆ ಆಚೀಚೆ ಆಡಿತು. ಗುಂಡಿ ಕವರ್ ತನ್ನ ಮುಖಕ್ಕೆ ಒತ್ತಿಕೊಂಡಳು. ನಾಲ್ಕು ಉಸಿರಿಗೇ ಅವಳ ತಲೆ ವಾಲಿ ಕಡ್ಡಿಯ ಹೆಗಲ ಮೇಲೆ ಬಿತ್ತು. ಕಡ್ಡಿ ತಳ್ಳಲಿಲ್ಲ. ಚೀಲ ಇಳಿಸಿ, ಅವಳು ಬೀಳದ ಹಾಗೆ ಒಂದು ಕೈಯಿಂದ ಹಿಡಿದುಕೊಂಡಳು. ಕವರ್ ಹಿಡಿದ ಕೈ ಮತ್ತೆ ಮೇಲೆದ್ದು ಕಡ್ಡಿಯ ಮುಖದ ಹತ್ತಿರ ಬಂತು.

ಈ ಸಲ ಕಡ್ಡಿಯ ತಲೆ ಆಡಿತೋ ಇಲ್ಲವೋ. ಲಾರಿ ರಸ್ತೆಯ ತಗ್ಗುಗಳಲ್ಲಿ ಬಿದ್ದೇಳುತ್ತಿತ್ತು, ಗೇಟು, ಗೋಡೆ, ಮಕ್ಕಳು ಎಲ್ಲವೂ ಆಡುತ್ತಿದ್ದವು. ನಾನು ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ಕ್ಯಾಬಿನ್ನಿನ ತಗಡು ಬಡಿದೆ. ಎರಡೂ ಕೈಯಲ್ಲಿ ಬಡಿದೆ. ನಿಲ್ಲಿಸು ಎಂದು ಕೂಗಿದೆ. ಡ್ರೈವರ್ ಒಮ್ಮೆ ಹಾರನ್ ಹೊಡೆದು ಗೇರ್ ಬದಲಿಸಿದ.